ಕಡಲೋ, ಬಯಲೋ?

ರಜೆ ಸಿಕ್ಕಿದ್ದು ನಾಲ್ಕೇ ದಿನ. ಕುಂದಾಪುರದ ಕಡೆ ಹೋಗೋದಾ, ಬಾದಾಮಿ-ವಿಜಯಪುರಕ್ಕಾ? ಅಮ್ಮನಿಗೆ ಮಂಡಿನೋವು. ಮೆಟ್ಟಿಲು ಹತ್ತೋ ಕೆಲಸವಿಲ್ಲದ ಕಡಲತೀರವೇ ವಾಸಿ ಅಂತ ನಾನು ಹೋಂಸ್ಟೇ ಹುಡುಕ್ತಾ ಕೂತಿದ್ದೆ. "ಕಡಲು ಎಂತ ನೋಡೂದು ಮಾರಾಯ? ನಾ ಹುಟ್ಟಿದ್ದೇ ಅಲ್ಲಿ" ಅಂದಳು. ಗೋಲಗುಂಬಜ್ ಅವಳಿಗೆ ಇನ್ನೂ ಶಾಲೆ ಪುಸ್ತಕದ ಚಿತ್ರವಾಗಿಯೇ ಉಳಿದಿತ್ತು.

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬಾದಾಮಿಯಲ್ಲಿ ಇಳಿದೆವು. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯವರೆಗೂ ಅಮ್ಮ ಅಲ್ಲಲ್ಲಿ ಕೂತು ಎದ್ದು ಹತ್ತಿದಳು. ಪಟ್ಟದಕಲ್ಲಿನಲ್ಲಿ ಆ ಕಷ್ಟವಿಲ್ಲ. ಸಮತಟ್ಟು ನೆಲ; ಉತ್ತರದ ನಾಗರ, ದಕ್ಷಿಣದ ದ್ರಾವಿಡ, ಎರಡೂ ಶೈಲಿಯ ಶಿಖರಗಳು ಅಕ್ಕಪಕ್ಕ.

ಆದರೆ ಬೇರೆಯೇ ಸೀಮೆಗೆ ಬಂದಿದ್ದೇವೆ ಅನ್ನಿಸಿದ್ದು ಬನಶಂಕರಿ ಗುಡಿ ಹತ್ತಿರ. ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಬಡಿಸ್ತಾರೆ. "ಇನ್ನೊಂದ್ ತಗೋರಿ ಅಕ್ಕಾರ" ಅಂತ ಒಬ್ಬಾಕೆ ಬಿಡಲೇ ಇಲ್ಲ. ಕುಚ್ಚಲಕ್ಕಿ ಗಂಜಿಯ ಅಮ್ಮ ಎರಡು ರೊಟ್ಟಿ ಮುಗಿಸಿದಳು. ಚಟ್ನಿ ಖಾರಕ್ಕೆ ಕಣ್ಣಲ್ಲಿ ನೀರು. (ನನಗೂ ಬಂತು, ಹೇಳಲಿಲ್ಲ.)

ಗೋಲಗುಂಬಜ್‌ನಲ್ಲಿ ಮಾತ್ರ ಮಂಡಿ ಸೋತಿತು. ಪಿಸುಮಾತಿನ ಗ್ಯಾಲರಿಗೆ ಏಳು ಅಂತಸ್ತು, ಇಕ್ಕಟ್ಟಾದ ಮೆಟ್ಟಿಲು. ಅಮ್ಮ ಕೆಳಗೇ ಕೂತಳು. ಹೋಗೋದಾದರೆ ಬೆಳಿಗ್ಗೆ ಬೇಗ ಹೋಗಿ. ಶಾಲಾ ಪ್ರವಾಸದ ಬಸ್ಸುಗಳು ಬಂದವು ಅಂದ್ರೆ ಬರೀ ಕೇಕೆ. ಆಗಿನ್ನೂ ಜನ ಕಮ್ಮಿ. ಮೇಲಿಂದ "ಅಮ್ಮಾ" ಅಂದೆ. ಗುಮ್ಮಟ ಮತ್ತೆ ಮತ್ತೆ ಅದನ್ನೇ ಕರೆಯಿತು. ಕೆಳಗೆ ಅಮ್ಮ ಸೆರಗು ಎತ್ತಿ ಬೀಸಿದಳು.