ಬಾವಿಯಲ್ಲಿ ಸಿಕ್ಕ ಆಲಿವ್ ಬೀಜ

ರೋಮನ್ನರು ಬ್ರಿಟನ್ನನ್ನು ಗೆಲ್ಲತೊಡಗಿದ್ದು ಕ್ರಿ.ಶ. 43ರಲ್ಲಿ. ಆಮೇಲೆಯೇ ಅಲ್ಲಿನ ಕೆಲ್ಟಿಕ್ ಜನ ರೋಮನ್ ರೀತಿನೀತಿ ಕಲಿತರೆಂದು ಮಕ್ಕಳು ಬರೆಯುತ್ತಾರೆ. ನೆಲ ಹೇಳುವ ಉತ್ತರ ಬೇರೆ.

ದಕ್ಷಿಣ ಇಂಗ್ಲೆಂಡಿನ ಸಿಲ್ಚೆಸ್ಟರ್, ಅಟ್ರೆಬೇಟ್ಸ್ ಎಂಬ ಕೆಲ್ಟಿಕ್ ಜನರ ಪಟ್ಟಣ. 1997ರಿಂದ 2014ರವರೆಗೆ ಅಲ್ಲಿ ಉತ್ಖನನ ನಡೆಸಿದ ರೀಡಿಂಗ್ ವಿಶ್ವವಿದ್ಯಾನಿಲಯದವರಿಗೆ, ದಂಡಯಾತ್ರೆಗೂ ಹಿಂದಿನ ಬಾವಿಯೊಂದರಲ್ಲಿ ಆಲಿವ್ ಬೀಜ ಸಿಕ್ಕಿತು. ಅದೇ ಕಾಲದ ಮಣ್ಣಿನಲ್ಲಿ ನಮಗೆ ಪರಿಚಿತವಾದ ಕೊತ್ತಂಬರಿ, ಸಬ್ಬಸಿಗೆ ಬೀಜಗಳೂ ದೊರೆತವು. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಇಂಥವು ಕೊಳೆಯದೆ ಉಳಿಯುತ್ತವೆ. ಅಂದರೆ ಸೈನ್ಯಕ್ಕಿಂತ ಮೊದಲೇ ರೋಮಿನ ರುಚಿ ವ್ಯಾಪಾರದ ದಾರಿಯಲ್ಲಿ ಅಡುಗೆಮನೆ ಸೇರಿತ್ತು.

ವಿಜ್ಞಾನ ಕಲಿಸುವ ನನಗೆ ಈ ಬೀಜ ಬಲು ಪ್ರಿಯ. ಪಾಲಕರೇ, ಇಸವಿ ಬಾಯಿಪಾಠವಾಯಿತೇ ಎಂದಷ್ಟೇ ವಿಚಾರಿಸಬೇಡಿ. ‘ಇದು ಹೇಗೆ ಗೊತ್ತಾಯಿತು?’ ಎಂದು ಮಗು ಕೇಳಿದರೆ ಗದರದೆ, ಜೊತೆಗೆ ಕೂತು ಹುಡುಕಿ.