ಘಾಟಿಯಿಂದ ಬಿಡದಿಗೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇಂದು ಉಳಿದಿರುವುವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕೇ ತಾಲ್ಲೂಕುಗಳು. 1986ರಲ್ಲಿ ಜಿಲ್ಲೆಯು ಹುಟ್ಟಿದಾಗ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳೂ ಇದಕ್ಕೆ ಸೇರಿದ್ದುವು. 2007ರಲ್ಲಿ ಅವು ಬೇರೆಯಾಗಿ ರಾಮನಗರ ಜಿಲ್ಲೆಯೆನಿಸಿದುವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟರು. ಹೀಗಾಗಿ 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಎಂಬ ವಿನೋದೋದ್ಯಾನವು, ಜನರು ಥೀಮ್ ಪಾರ್ಕೆಂದು ಕರೆಯುವ ಆಟಗಳ ತೋಟವು, ತೆರೆದಾಗ ಅದು ಗ್ರಾಮಾಂತರ ಜಿಲ್ಲೆಯ ನೆಲವೇ ಆಗಿದ್ದಿತು. ಉತ್ತರದ ತುದಿಯಲ್ಲಿ ಘಾಟಿಯ ಸುಬ್ರಹ್ಮಣ್ಯ ಕ್ಷೇತ್ರ, ದಕ್ಷಿಣದಲ್ಲಿ ಬಿಡದಿಯ ಆಟದ ತೋಟ. ಈ ಸೀಮೆಯ ಸಂಸಾರಗಳು ಒಂದಕ್ಕೆ ಹರಕೆ ಹೊತ್ತು ಹೋಗುತ್ತವೆ, ಇನ್ನೊಂದಕ್ಕೆ ಮಕ್ಕಳ ಹಟಕ್ಕೆ ಮಣಿದು ಹೋಗುತ್ತವೆ. ಎರಡು ಕಡೆಯೂ ಮೊದಲು ಎದುರಾಗುವುದು ದರದ ಹಲಗೆ. ಆ ಹಲಗೆಯ ಮೇಲೆ ಬಗೆಬಗೆಯ ಟಿಕೆಟ್ಟುಗಳು ಹೆಚ್ಚಿದಷ್ಟೂ ಬಂದವರಿಗೆ ಅನುಕೂಲವೆ, ತೊಡಕೆ? ಇದು ಕೈಯ ಹಣಕ್ಕೂ ಮನೆಯ ನೆಮ್ಮದಿಗೂ ಸಂಬಂಧಿಸಿದ ಪ್ರಶ್ನೆಯಾದುದರಿಂದ ಇಲ್ಲಿ ಸ್ವಲ್ಪ ವಿಚಾರಿಸುವೆವು.

ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯು ರಮಣೀಯವಾದುದು. ಮಗ್ಗಗಳ ಸದ್ದಿನ ಬೀದಿಗಳನ್ನು ದಾಟಿದ ಮೇಲೆ ರಾಗಿಯ ಹೊಲಗಳೂ ದ್ರಾಕ್ಷಿಯ ತೋಟಗಳೂ ಕಾಣುತ್ತವೆ. ಮಾಕಳಿದುರ್ಗದ ಬೆಟ್ಟವು ರೈಲು ಹಾದಿಯನ್ನು ನೋಡುತ್ತ ನಿಂತಿದೆ. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೋದರೆ, 2023ರ ಜೂನ್ ತಿಂಗಳಲ್ಲಿ ಮೊದಲಾದ ಶಕ್ತಿ ಯೋಜನೆಯಂತೆ, ನಮ್ಮ ರಾಜ್ಯದ ಹೆಂಗಸರು ಹಣ ಕೊಡಬೇಕಾದುದಿಲ್ಲ. ಕಂಡಕ್ಟರು ಗುರುತಿನ ಚೀಟಿಯನ್ನು ನೋಡಿ ಶೂನ್ಯ ದರದ ಟಿಕೆಟ್ಟನ್ನು ಹರಿದು ಕೊಡುತ್ತಾರೆ. ಟಿಕೆಟ್ಟಿನ ಬಗೆ ಒಂದು ಹೆಚ್ಚಾಯಿತು. ಆದರೆ ಪ್ರಯಾಣಿಕಳು ಯೋಚಿಸಿ ಆರಿಸಿಕೊಳ್ಳಬೇಕಾದ ಕಷ್ಟವು ಹೆಚ್ಚಲಿಲ್ಲ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಘಾಟಿಯಲ್ಲಿ ಏಳು ಹೆಡೆಯ ಸರ್ಪರೂಪಿಯಾದ ಸುಬ್ರಹ್ಮಣ್ಯನು ಪೂರ್ವಕ್ಕೂ, ನರಸಿಂಹಸ್ವಾಮಿಯು ಪಶ್ಚಿಮಕ್ಕೂ ಮುಖಮಾಡಿ ಒಂದೇ ಶಿಲೆಯಲ್ಲಿ ನೆಲಸಿದ್ದಾರೆ. ಹಿಂಬದಿಯ ನರಸಿಂಹನು ಭಕ್ತರ ಕಣ್ಣಿಗೆ ಬೀಳಲೆಂದು ಗರ್ಭಗುಡಿಯಲ್ಲಿ ಕನ್ನಡಿಯನ್ನಿಟ್ಟಿದ್ದಾರೆ. ಪುಷ್ಯ ಶುದ್ಧ ಷಷ್ಠಿಯಂದು ಬ್ರಹ್ಮರಥೋತ್ಸವ. ಆ ಕಾಲದಲ್ಲಿ ಸೇರುವ ದನಗಳ ಜಾತ್ರೆಯು ಸುತ್ತಣ ಸೀಮೆಗೆಲ್ಲ ಹೆಸರಾದುದು. ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ನಾಗರ ಕಲ್ಲುಗಳು ಗುಂಪು ಗುಂಪಾಗಿ ನಿಂತಿವೆ. ಇಂತಹ ಕ್ಷೇತ್ರಗಳ ಸೇವೆಗಳ ಪಟ್ಟಿಯು ಚಿಕ್ಕದಲ್ಲ. ಅರ್ಚನೆ, ಅಭಿಷೇಕ, ನಾಗಪ್ರತಿಷ್ಠೆ ಎಂದು ಸಾಲುಸಾಲಾಗಿ ಬರೆದಿರುತ್ತದೆ. ಆದರೂ ಅದನ್ನು ಓದಿ ತಬ್ಬಿಬ್ಬಾದವರು ವಿರಳ. ಏಕೆಂದರೆ ಮಗುವಿಗಾಗಿ ಹರಕೆ ಹೊತ್ತ ತಾಯಿಯು ಹಲಗೆಯನ್ನು ನೋಡಿ ಸೇವೆಯನ್ನು ಆರಿಸುವುದಿಲ್ಲ. ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಬಂದ ಸೇವೆಯು ಹಲಗೆಯಲ್ಲಿ ಎಲ್ಲಿದೆಯೆಂದು ಹುಡುಕುತ್ತಾಳೆ. ಏನೂ ನಿಶ್ಚಯಿಸದೆ ಬಂದವನು ಧರ್ಮದರ್ಶನದ ಸಾಲಿನಲ್ಲಿ ನಿಂತರೆ ಅವನಿಗೂ ಅದೇ ಕನ್ನಡಿಯಲ್ಲಿ ಅದೇ ನರಸಿಂಹನು ಕಾಣುತ್ತಾನೆ.

ಇನ್ನು ನೆಲಮಂಗಲ, ಮಾಗಡಿಗಳ ಮೇಲೆ ಬಿಡದಿಗೆ ಇಳಿಯೋಣ. ತಟ್ಟೆ ಇಡ್ಲಿಗೆ ಹೆಸರಾದ ಈ ಊರಿನ ಹೊರಗೆ, ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರು ದೂರದಲ್ಲಿ, ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು ಕಟ್ಟಿಸಿದ ತೋಟವಿದು. ಇದಕ್ಕೆ ಮೊದಲು 2000ದಲ್ಲಿ ಅವರು ಕೊಚ್ಚಿಯಲ್ಲಿ ಇಂತಹುದೊಂದನ್ನು ತೆರೆದಿದ್ದರು. ನೀರಿನ ಆಟಗಳು, ಎತ್ತರದಿಂದ ಧುಮುಕುವ ಬಂಡಿಗಳು, ತಲೆಕೆಳಗಾಗಿಸುವ ಯಂತ್ರಗಳು ಇಲ್ಲಿವೆ. ಒಳಗೆ ಒಂದೊಂದು ಆಟಕ್ಕೆ ಬೇರೆ ಬೇರೆ ಹಣ ಕೇಳದೆ ಪ್ರವೇಶದ ಟಿಕೆಟ್ಟಿನಲ್ಲಿಯೇ ಆಟಗಳನ್ನು ಸೇರಿಸಿರುವುದು ಒಳ್ಳೆಯ ಏರ್ಪಾಡು. ಆದರೆ ಆ ಪ್ರವೇಶದಲ್ಲಿಯೇ ಹಲವು ಬಗೆಗಳುಂಟು. ಮಕ್ಕಳಿಗೆ ಒಂದು ದರ, ವೃದ್ಧರಿಗೂ ಕಾಲೇಜಿನ ವಿದ್ಯಾರ್ಥಿಗಳಿಗೂ ರಿಯಾಯಿತಿ. ವಾರದ ದಿನಕ್ಕೊಂದು, ರಜಾದಿನಕ್ಕೊಂದು. ಊಟ ಸೇರಿದುದು, ಸೇರದುದು. ಇವೆಲ್ಲಕ್ಕೂ ಮೇಲೆ ಫಾಸ್ಟ್‌ಟ್ರಾಕ್ ಎಂಬ ಬೇಗದ ಸಾಲಿನ ಟಿಕೆಟ್ಟು.

ಈ ಬಗೆಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮಗು, ವೃದ್ಧ, ವಿದ್ಯಾರ್ಥಿ ಎಂಬ ಭೇದಗಳು ಬಸ್ಸಿನ ಶೂನ್ಯ ಟಿಕೆಟ್ಟಿನ ಜಾತಿಗೆ ಸೇರಿದುವು. ಬಂದವರು ಯಾರೆಂಬುದನ್ನು ನೋಡಿ ಕಿಟಕಿಯವರೇ ಹೇಳಬಲ್ಲರು. ಇಂತಹವು ಹತ್ತಿದ್ದರೂ ತೊಡಕಿಲ್ಲ. ಅಜ್ಜಿಯ ಪಾಲಿಗೆ ಸ್ವಲ್ಪ ಹಣ ಉಳಿಯುವುದೇ ಲಾಭ. ದಿನ, ಊಟ, ಸಾಲು ಎಂಬುವು ಹಾಗಲ್ಲ; ಅವುಗಳನ್ನು ನಾವೇ ತೂಗಿ ನೋಡಬೇಕು. ಒಂದೊಂದರಲ್ಲಿ ಎರಡೇ ಬಗೆಯಿದ್ದರೂ ಎಂಟು ದಾರಿಗಳಾಗುತ್ತವೆ. ಆಟಗಳನ್ನು ಒಮ್ಮೆಯೂ ನೋಡದ ಗೃಹಸ್ಥನು, ಸಾಲು ಎಷ್ಟಿದ್ದೀತು, ಮಕ್ಕಳಿಗೆ ಎಷ್ಟು ಹೊತ್ತಿಗೆ ಹಸಿದೀತು ಎಂಬುದನ್ನು ಮನೆಯಲ್ಲಿ ಕುಳಿತು ಹೇಗೆ ತಿಳಿದಾನು? ಕಡೆಗೆ ಫೋನು ಹಿಡಿದ ಮಗನು ಆರಿಸಿದುದೇ ಆಯ್ಕೆ. ಹಣ ತೆತ್ತ ತಂದೆಗೆ ತಾನು ಏನನ್ನು ಕೊಂಡೆನೆಂಬುದೇ ತಿಳಿಯದು.

ಈ ಪಾಠವನ್ನು ಅಮೆರಿಕದ ಡಿಸ್ನಿಲ್ಯಾಂಡು ಬಹು ಹಿಂದೆಯೇ ಕಲಿಯಿತು. 1955ರ ಜುಲೈ ತಿಂಗಳಲ್ಲಿ ಅದು ತೆರೆದಾಗ ಪ್ರವೇಶಕ್ಕೊಂದು, ಒಂದೊಂದು ಆಟಕ್ಕೂ ಒಂದೊಂದು ಟಿಕೆಟ್ಟಿದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಎ, ಬಿ, ಸಿ ಎಂಬ ದರ್ಜೆಗಳ ಟಿಕೆಟ್ಟು ಪುಸ್ತಕವನ್ನು ಹೊರಡಿಸಿದರು. 1959ರ ಹೊತ್ತಿಗೆ ಅದು ಇ ದರ್ಜೆಯವರೆಗೆ ಬೆಳೆಯಿತು. ದೊಡ್ಡ ಆಟಗಳ ಟಿಕೆಟ್ಟುಗಳು ಬೇಗನೆ ತೀರಿ, ಚಿಕ್ಕ ಆಟಗಳವು ಮಿಕ್ಕು ಮನೆಯ ಮೇಜಿನ ಖಾನೆ ಸೇರುತ್ತಿದ್ದುವು. 1982ರಲ್ಲಿ ಆ ಪುಸ್ತಕಗಳನ್ನು ಕೈಬಿಟ್ಟು ಎಲ್ಲಕ್ಕೂ ಒಂದೇ ಟಿಕೆಟ್ಟು ಮಾಡಿದರು. ಆದರೆ ಬಾಗಿಲಿನಿಂದ ಹೊರಟ ಭೇದವು ಸಾಲಿನ ಮೂಲಕ ಮರಳಿ ಬಂದಿತು. ಬೇಗದ ಸಾಲಿಗೆ 1999ರಲ್ಲಿ ಉಚಿತವಾಗಿ ಕೊಡುತ್ತಿದ್ದ ಚೀಟಿಯ ಸ್ಥಾನದಲ್ಲಿ 2021ರಿಂದ ಹಣದ ಏರ್ಪಾಡು ನಡೆಯುತ್ತಿದೆ.

ಆಯ್ಕೆಗಳು ಹೆಚ್ಚಿದರೆ ಮನಸ್ಸು ಕಂಗೆಡುವುದೆಂಬುದಕ್ಕೆ ಪಂಡಿತರು ಒಂದು ಪ್ರಯೋಗವನ್ನು ಹೇಳುವುದುಂಟು. ಶೀನಾ ಐಯ್ಯಂಗಾರ್, ಮಾರ್ಕ್ ಲೆಪ್ಪರ್ ಎಂಬವರು 2000ದಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ, ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ ಒಮ್ಮೆ 24 ಬಗೆಯ ಜಾಮನ್ನೂ ಇನ್ನೊಮ್ಮೆ 6 ಬಗೆಯನ್ನೂ ರುಚಿಗೆ ಇಟ್ಟರು. ಹೆಚ್ಚು ಬಗೆಯಿದ್ದಾಗ ನಿಂತು ನೋಡಿದವರು ಹೆಚ್ಚು. ಆದರೆ ನಿಂತವರಲ್ಲಿ ಕೊಂಡವರು ನೂರಕ್ಕೆ 3. ಆರು ಬಗೆಯಿದ್ದಾಗ ನೂರಕ್ಕೆ 30 ಮಂದಿ ಕೊಂಡರು. ಆದರೂ ಇದನ್ನೇ ಕಡೆಯ ಮಾತೆನ್ನಲಾಗದು. 2010ರಲ್ಲಿ ಇತರ ವಿದ್ವಾಂಸರು ಇಂತಹ 50 ಪ್ರಯೋಗಗಳನ್ನು ಕೂಡಿಸಿ ನೋಡಲಾಗಿ ಸರಾಸರಿಯ ಪರಿಣಾಮವು ಹೆಚ್ಚುಕಡಿಮೆ ಸೊನ್ನೆಯಾಗಿ ಕಂಡಿತು. ತನಗೆ ಬೇಕಾದುದು ಯಾವುದೆಂದು ಬಲ್ಲವನಿಗೆ ಉದ್ದವಾದ ಪಟ್ಟಿಯು ಹೊರೆಯಲ್ಲವೆಂಬುದು ಘಾಟಿಯ ತಾಯಿಯನ್ನು ನೋಡಿದವರಿಗೆ ಹೊಸ ಮಾತೇನಲ್ಲ.

ಬೇಗದ ಸಾಲಿನ ವಿಚಾರದಲ್ಲಿ ಮಾತ್ರ ಗೊಂದಲಕ್ಕಿಂತ ದೊಡ್ಡ ಮಾತೊಂದಿದೆ. ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ಒಂದು ಆಟದಲ್ಲಿ 20 ಆಸನಗಳು, 5 ನಿಮಿಷಕ್ಕೊಂದು ಸುತ್ತು, ಸಾಲಿನಲ್ಲಿ 240 ಮಂದಿ. ಕಡೆಯವನಿಗೆ ಒಂದು ಗಂಟೆಯಲ್ಲಿ ಸರದಿ ಬರುತ್ತದೆ. ಈಗ 8 ಆಸನಗಳನ್ನು ಬೇಗದ ಸಾಲಿಗೆಂದು ಮೀಸಲಿಟ್ಟು, ಆ ಸಾಲಿನವರು ಬರುತ್ತಲೇ ಇರುವರೆನ್ನೋಣ. ಸಾಮಾನ್ಯ ಸಾಲಿನಿಂದ 40 ಮಂದಿ ಅತ್ತ ಹೋದರೂ, ಉಳಿದ 200 ಮಂದಿಗೆ ಸುತ್ತಿಗೆ 12 ಆಸನಗಳಂತೆ 17 ಸುತ್ತುಗಳು ಬೇಕು. ಕಡೆಯವನ ಸರದಿಗೆ 85 ನಿಮಿಷ. ಅವನು ಕೊಟ್ಟ ಹಣ ಕಡಿಮೆಯಾಗಲಿಲ್ಲ, ಅವನ ದಿನ ಕಡಿಮೆಯಾಯಿತು. ಘಾಟಿಯಲ್ಲಿ ಒಬ್ಬರು ಅಭಿಷೇಕ ಮಾಡಿಸಿದರೆ ಇನ್ನೊಬ್ಬರ ಕನ್ನಡಿ ಮಸುಕಾಗುವುದಿಲ್ಲ. ಇಲ್ಲಿ ಒಬ್ಬರ ಟಿಕೆಟ್ಟು ಇನ್ನೊಬ್ಬರ ಹೊತ್ತನ್ನು ತಿನ್ನುತ್ತದೆ. ಹೊತ್ತಿಲ್ಲದ ಪ್ರಯಾಣಿಕನಿಗೂ, ಬಹಳ ಹೊತ್ತು ನಿಲ್ಲಲಾರದವನಿಗೂ ಅದರಿಂದ ಉಪಕಾರವಿದೆಯೆಂಬುದನ್ನು ನಾವು ಒಪ್ಪುತ್ತೇವೆ. ಮೀಸಲು ಆಸನಗಳು ಮಿತವಾಗಿದ್ದರೆ ನೋವೂ ಮಿತವಾಗಿರುತ್ತದೆ. ಆದರೆ ಆ ಮಿತಿಯು ಎಷ್ಟೆಂಬುದನ್ನು ಸಾಮಾನ್ಯ ಟಿಕೆಟ್ಟು ಕೊಳ್ಳುವವನಿಗೆ ಮೊದಲೇ ತಿಳಿಸಬೇಕು. ಅವನು ಕೊಳ್ಳುತ್ತಿರುವುದು ಎಂತಹ ದಿನವೆಂಬುದು ಅದರಿಂದಲೇ ನಿರ್ಣಯವಾಗುತ್ತದೆ.

ಸಂಸಾರದೊಡನೆ ಹೊರಡುವವರು ಮನೆಯಲ್ಲಿಯೇ ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳುವುದು ಮೇಲು. ನಮ್ಮಲ್ಲಿ ನಿಜವಾಗಿ ಆಡುವವರು ಎಷ್ಟು ಮಂದಿ? ರಜಾದಿನವನ್ನು ಬಿಟ್ಟು ಬೇರೆ ದಿನ ಹೋಗಲಾದೀತೆ? ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವೆವೆ? ವಾರದ ದಿನ ಹೋಗಲು ಸಾಧ್ಯವಾದರೆ ಸಾಲು ಸಾಮಾನ್ಯವಾಗಿ ಚಿಕ್ಕದಾಗಿರುವುದರಿಂದ ಬೇಗದ ಟಿಕೆಟ್ಟಿನ ಯೋಚನೆಯೇ ಬೇಕಾಗುವುದಿಲ್ಲ. ಮೂರನೆಯದಂತೂ ಹಣಕ್ಕಿಂತ ಮುಖ್ಯವಾದುದು. ಮಕ್ಕಳಿಬ್ಬರಿಗೆ ಬೇಗದ ಟಿಕೆಟ್ಟು, ಹಿರಿಯರಿಗೆ ಸಾಮಾನ್ಯದ ಟಿಕೆಟ್ಟು ಎಂದು ಕೊಂಡರೆ, ಒಟ್ಟಿಗೆ ಕಳೆಯಲೆಂದು ಬಂದ ದಿನವನ್ನು ಮನೆಯವರು ಎರಡು ಸಾಲುಗಳಲ್ಲಿ ಕಳೆಯುತ್ತಾರೆ.

ಹಲಗೆಯನ್ನು ಬರೆಸುವವರಿಗೂ ನಮ್ಮದೊಂದು ಬಿನ್ನಹವುಂಟು. ಸಾಮಾನ್ಯ ಟಿಕೆಟ್ಟನ್ನು ಮೊದಲನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿಸಿ, ಅದರಿಂದ ಏನೇನು ದೊರೆಯುವುದೆಂದು ಪಕ್ಕದಲ್ಲಿಯೇ ತಿಳಿಸಲಿ. ವಯಸ್ಸು, ಓದು ಮೊದಲಾದ ರಿಯಾಯಿತಿಗಳನ್ನು ಕೇಳದವರಿಗೂ ಕಿಟಕಿಯವರೇ ಹೇಳಿ ಕೊಡಲಿ. ತೂಗಿ ನೋಡಬೇಕಾದ ಬಗೆಗಳನ್ನು ಎರಡು ಮೂರಕ್ಕೆ ಮುಗಿಸಲಿ. ಅತಿ ಕಡಿಮೆಯ ಟಿಕೆಟ್ಟನ್ನು ಕೊಂಡ ಹೊಸಕೋಟೆಯ ರೈತನೂ ಸಂಜೆ ಮಕ್ಕಳ ಕೈಹಿಡಿದು ಹೊರಬರುವಾಗ ತನ್ನ ಹಣಕ್ಕೆ ಪೂರ್ತಿ ದಿನ ದೊರೆಯಿತೆಂದುಕೊಳ್ಳುವಂತಿದ್ದರೆ, ಹಲಗೆಯಲ್ಲಿ ಉಳಿದ ಸಾಲುಗಳು ಎಷ್ಟಿದ್ದರೂ ಯಾರೂ ಆಕ್ಷೇಪಿಸರು.