ನಲವತ್ತು ಪರ್ಸೆಂಟ್ ಗಾಳಿ

ಹಳೆ ಸ್ಪೋರ್ಟ್ಸ್ ಕಾರಿಗೆ ಸೂಪರ್‌ಚಾರ್ಜರ್ ಕೂರಿಸುವವರನ್ನು ಕಂಡರೆ ಎರಡು ಬಗೆಯ ಜನ ಮುಖ ಸಿಂಡರಿಸುತ್ತಾರೆ. ಕಾರ್ಖಾನೆಯಿಂದ ಬಂದ ಒಂದು ಸ್ಕ್ರೂ ಕೂಡ ಬದಲಾಗಬಾರದೆನ್ನುವ ಮಡಿವಂತರು ಒಂದು ಕಡೆ. ಅಷ್ಟು ವೇಗ ಬೇಕಿದ್ದರೆ ಹೊಸ ಕಾರನ್ನೇ ಕೊಳ್ಳಬಾರದೇ ಎನ್ನುವ ವಿವೇಕಿಗಳು ಇನ್ನೊಂದು ಕಡೆ. ಇಬ್ಬರ ಮಾತೂ ಸರಿಯೇ. ಆದರೆ ಆಕ್ಸ್‌ಫರ್ಡಿನ ಹೊರವಲಯದಲ್ಲಿರುವ ನನ್ನ ಗ್ಯಾರೇಜಿಗೆ ಆ ಮಾತುಗಳು ಅಷ್ಟಾಗಿ ತಟ್ಟಿಲ್ಲ. ಎಂಜಿನ್ನೊಂದಕ್ಕೆ ಅದನ್ನು ರೂಪಿಸಿದವರು ಎಣಿಸದಷ್ಟು ಗಾಳಿ ತುಂಬಿ, ಆ ಗಾಳಿಗೆ ತಕ್ಕ ಪೆಟ್ರೋಲನ್ನು ಅಳೆದು ಕೊಡುವುದು ಹೇಗೆ? ನನ್ನ ಚಳಿಗಾಲಗಳೆಲ್ಲ ಈ ಒಂದೇ ಪ್ರಶ್ನೆಗೆ ಸಂದಿವೆ.

ಕಾರು ಎಂಜಿ ಕಂಪನಿಯ ಎಂಜಿಬಿ. ಇಲ್ಲೇ ಪಕ್ಕದ ಅಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್, 95 ಅಶ್ವಶಕ್ತಿ. ಇಲ್ಲಿನವರಿಗೆ ಅದು ಅಪ್ಪ ಅಜ್ಜಂದಿರ ಹರೆಯದ ಕಾರು. ನನಗಾದರೋ ಬಾನೆಟ್ ಎತ್ತಿದರೆ ಶಿವಮೊಗ್ಗದ ಟ್ಯಾಕ್ಸಿ ಸ್ಟ್ಯಾಂಡು. ಯಾಕೆಂದರೆ ಒಳಗಿರುವುದು ಬಿ ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಅದೇ ವಂಶದ್ದು. ಆ 1489 ಸಿಸಿಗೇ ಎರಡು ಕಾರ್ಬುರೇಟರ್ ಕಟ್ಟಿ 1955ರಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರನ್ನೂ ಮಾಡಿದ್ದರು. ನನ್ನ ಚಿಕ್ಕಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸಿಯೇ ಮನೆ ನಡೆಸಿದವರು. ಆ ಟ್ಯಾಪೆಟ್ ಸದ್ದನ್ನು ನಾನು ಹಾಸಿಗೆಯಲ್ಲಿ ಮಲಗಿದ್ದೂ ಗುರುತಿಸುತ್ತಿದ್ದೆ.

ಮಡಿವಂತರಿಗೆ ನನ್ನ ಉತ್ತರ ಚರಿತ್ರೆಯಲ್ಲೇ ಇದೆ. 1933ರಲ್ಲಿ ಟಾಜಿಯೋ ನುವೊಲಾರಿ ಉತ್ತರ ಐರ್ಲೆಂಡಿನ ಆರ್ಡ್ಸ್ ರಸ್ತೆಗಳಲ್ಲಿ ಟೂರಿಸ್ಟ್ ಟ್ರೋಫಿ ಗೆದ್ದದ್ದು ಸೂಪರ್‌ಚಾರ್ಜರ್ ಇದ್ದ ಎಂಜಿ ಕೆ3 ಕಾರಿನಲ್ಲಿ. 1957ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಸ್ಟರ್ಲಿಂಗ್ ಮಾಸ್ ಇಎಕ್ಸ್181 ಎಂಬ ಎಂಜಿಯಲ್ಲಿ ಗಂಟೆಗೆ 245 ಮೈಲಿ ದಾಟಿದ. ಅವನ ಬೆನ್ನ ಹಿಂದಿದ್ದದ್ದು ಬಿ ಸೀರೀಸಿನಿಂದಲೇ ಬೆಳೆಸಿದ ಒಂದೂವರೆ ಲೀಟರ್ ಎಂಜಿನ್ ಮತ್ತು ಅದಕ್ಕೊಂದು ಶೋರಾಕ್ ಸೂಪರ್‌ಚಾರ್ಜರ್. ಅಂಬಾಸಿಡರಿನ ದಾಯಾದಿ ಅಂಥ ಓಟ ಓಡಿದೆ ಎಂದರೆ ಚಿಕ್ಕಪ್ಪ ಈಗಲೂ ನಂಬುವುದಿಲ್ಲ. ಮಡಿವಂತರ ಪಕ್ಷದಲ್ಲೂ ದೊಡ್ಡ ಹೆಸರೊಂದಿದೆ, ಬೆಂಟ್ಲಿ ಕಾರುಗಳ ಜನಕ ಡಬ್ಲ್ಯು. ಓ. ಬೆಂಟ್ಲಿ. ತನ್ನ ಕಾರಿಗೆ ರೇಸ್ ಚಾಲಕ ಟಿಮ್ ಬರ್ಕಿನ್ ಸೂಪರ್‌ಚಾರ್ಜರ್ ಕಟ್ಟಿಸಿದ್ದು ಅವನಿಗೆ ಕಡೆಯವರೆಗೂ ಸರಿಬರಲಿಲ್ಲ. ಹೆಚ್ಚು ಶಕ್ತಿ ಬೇಕಿದ್ದರೆ ದೊಡ್ಡ ಎಂಜಿನ್ ಮಾಡಬೇಕೆಂಬುದು ಅವನ ವಾದ. ದೊಡ್ಡ ಎಂಜಿನ್ ಮಾಡಲು ಸ್ವಂತ ಕಾರ್ಖಾನೆ ಇದ್ದವನು ಹಾಗನ್ನಬಹುದು.

ನನ್ನ ಸೂಪರ್‌ಚಾರ್ಜರ್ ಈಟನ್ ಎಂ45. ಬಿಎಂಡಬ್ಲ್ಯು ಮಾಡಿದ ಮೊದಲ ಮಿನಿ ಕೂಪರ್ ಎಸ್‌ನಲ್ಲಿ ಇರುತ್ತಿದ್ದದ್ದು ಇದೇ, ಹಾಗಾಗಿ ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತದೆ. ತತ್ವ ಮಾತ್ರ ಬಹಳ ಹಳೆಯದು. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಯಂತ್ರ. ಮುಂದೆ ಅದು ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದಿತು. ಒಂದಕ್ಕೊಂದು ತಾಗದೆ ಸುತ್ತುವ ಎರಡು ರೋಟರುಗಳು ಪ್ರತಿ ಸುತ್ತಿಗೆ 45 ಘನ ಇಂಚು ಗಾಳಿಯನ್ನು ಆಚೆ ದೂಡುತ್ತವೆ. ಕೂರಿಸುವ ಕೆಲಸದಲ್ಲಿ ನನಗೆ ಬಲು ಇಷ್ಟವಾದದ್ದು ಬ್ರಾಕೆಟ್ಟಿನ ಭಾಗ. ಕ್ರ್ಯಾಂಕಿನ ಪುಲ್ಲಿ, ಬ್ಲೋವರಿನ (ಅಂದರೆ ಸೂಪರ್‌ಚಾರ್ಜರಿನ) ಪುಲ್ಲಿ ಎರಡೂ ಒಂದೇ ನೇರಕ್ಕೆ ಬರಬೇಕು. ಕೂದಲೆಳೆಯಷ್ಟು ತಪ್ಪಿದರೂ ಬೆಲ್ಟು ಕಿರುಚಿ ಬೀದಿಗೆಲ್ಲ ಸಾರುತ್ತದೆ. ಕಬ್ಬಿಣದ ಪಟ್ಟಿ ಇಟ್ಟು ನೋಡು, ಬಿಚ್ಚು, ಅರದಿಂದ ಉಜ್ಜು, ಮತ್ತೆ ಕಟ್ಟು. ಹೊರಗೆ ಮಳೆ, ಒಳಗೆ ರೇಡಿಯೋ, ಉಗುರು ಸಂದಿಯಲ್ಲಿ ಗ್ರೀಸು.

ಲೆಕ್ಕ ಸುಲಭ. ವಾತಾವರಣದ ಒತ್ತಡ 14.7 ಪಿಎಸ್‌ಐ. ಅದರ ಮೇಲೆ ಬ್ಲೋವರ್ 6 ಸೇರಿಸಿದರೆ ನಲವತ್ತು ಪರ್ಸೆಂಟ್ ಹೆಚ್ಚು ಗಾಳಿ. (ನಮ್ಮೂರಲ್ಲಿ ನಲವತ್ತು ಪರ್ಸೆಂಟ್ ಅಂದರೆ ಜನ ಬೇರೇನನ್ನೋ ನೆನೆದು ನಗುತ್ತಾರೆ.) ಅಷ್ಟೂ ಕೈಗೆ ದಕ್ಕುವುದಿಲ್ಲ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ, ಶಾಖ ತನ್ನ ಕಮಿಷನ್ ಹಿಡಿದುಕೊಂಡೇ ಉಳಿದದ್ದನ್ನು ಬಿಡುತ್ತದೆ. ಸಾಲದ್ದಕ್ಕೆ ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ ಎರಡೂ ಒಂದೇ ಪಕ್ಕದಲ್ಲಿವೆ. ಬಿಸಿ ಜಾಸ್ತಿಯಾದರೆ ನಾಕಿಂಗ್, ಅಂದರೆ ಪೆಟ್ರೋಲು ತಾನಾಗಿ ಹೊತ್ತಿಕೊಂಡು ಬಡಿಯುವುದು. ಅದನ್ನು ತಡೆಯಲು ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ತುಸು ಹಿಂದಕ್ಕೆ ಸರಿಸಬೇಕು.

ಗಾಳಿಯ ಕಥೆ ಇಷ್ಟಾದರೆ ಪೆಟ್ರೋಲಿನದು ದೊಡ್ಡ ಪುರಾಣ. ಎಸ್‌ಯು ಕಾರ್ಬುರೇಟರ್ ಬಗ್ಗೆ ನಾಲ್ಕು ಮಾತು ಹೆಚ್ಚೇ ಆಡುತ್ತೇನೆ, ಸಹಿಸಬೇಕು. ಅದನ್ನು ರೂಪಿಸಿದ ಸ್ಕಿನ್ನರ್ ಸಹೋದರರು ಪಾದರಕ್ಷೆ ವ್ಯಾಪಾರದ ಮನೆತನದವರು. ಮೊದಮೊದಲ ಮಾದರಿಗಳಲ್ಲಿ ಚರ್ಮದ ತಿದಿಯೇ ಇತ್ತು. ಒಳಗಿನ ಪಿಸ್ಟನ್ ಎಂಜಿನ್ನಿನ ಸೆಳೆತಕ್ಕೆ ತಕ್ಕಂತೆ ಮೇಲೇಳುತ್ತದೆ. ಅದರ ಬುಡದಲ್ಲಿ ಸಿಕ್ಕಿಸಿದ ಸೂಜಿ ತುದಿಗೆ ಹೋದಂತೆ ಸಣ್ಣ. ಪಿಸ್ಟನ್ ಏರಿದಷ್ಟೂ ಜೆಟ್ಟಿನ ರಂಧ್ರದಲ್ಲಿ ಪೆಟ್ರೋಲಿಗೆ ದಾರಿ ಅಗಲವಾಗುತ್ತದೆ. ಸೂಜಿಯ ದಪ್ಪವನ್ನು ಇಂಚಿನ ಪ್ರತಿ ಎಂಟನೇ ಒಂದು ಪಾಲಿಗೊಮ್ಮೆ ಅಳೆದ ಪಟ್ಟಿಗಳು ಸಿಗುತ್ತವೆ, ಇಂಚಿನ ಸಾವಿರದ ಪಾಲಿನ, ಅಂದರೆ ‘ಥೌ’ ಲೆಕ್ಕದಲ್ಲಿ. ಎಂಜಿನ್ನಿಗೆ ಎಲ್ಲಿ ಎಷ್ಟು ಪೆಟ್ರೋಲು ಬೇಕೆಂಬ ಜಾತಕವನ್ನೇ ಆ ಸೂಜಿಯಲ್ಲಿ ಕೊರೆದಂತೆ. ಬ್ಲೋವರಿನ ಮೊದಲ ಚಳಿಗಾಲ ನಾನು ಮಾಡಿದ್ದು ಇದನ್ನೇ. ಸೂಜಿಯನ್ನು ಡ್ರಿಲ್ಲಿಗೆ ಕಚ್ಚಿಸಿ, ನಯವಾದ ಎಮರಿ ಕಾಗದ ಹಿಡಿದು, ಬೇಕಾದ ಜಾಗದಲ್ಲಷ್ಟೇ ಸವೆಸುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಕೈ ತಾನಾಗಿ ಹಗುರಾಗುತ್ತದೆ.

ಹಾಗಿದ್ದ ಮೇಲೆ ಕಾರ್ಬುರೇಟರ್ ತೆಗೆದು ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಕೂರಿಸಿದ್ದು ಯಾಕೆ? ಚಳಿಗೂ ಬಿಸಿಲಿಗೂ, ಗುಡ್ಡಕ್ಕೂ ಬಯಲಿಗೂ ಒಂದೇ ಸೂಜಿ ಸಾಕಾಗದು. ಆದರೆ ಬಿ ಸೀರೀಸ್ ಇಂಜೆಕ್ಷನ್ನಿಗೆ ಒಗ್ಗುವ ಪ್ರಾಣಿಯಲ್ಲ. ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ಪೋರ್ಟು ಎರಡೇ. ಒಂದರಲ್ಲಿ 1 ಮತ್ತು 2, ಇನ್ನೊಂದರಲ್ಲಿ 3 ಮತ್ತು 4. ಉರಿಯುವ ಸರದಿ 1-3-4-2 ಆದ್ದರಿಂದ, ಎರಡನೆಯದು ಎಳೆದು ಮುಗಿಸುವ ಮೊದಲೇ ಮೊದಲನೆಯದು ಬಾಯಿ ತೆರೆಯುತ್ತದೆ. ಮೂರು ನಾಲ್ಕರದೂ ಅದೇ ಜಗಳ. ಒಂದೇ ಲೋಟದ ಮಜ್ಜಿಗೆಗೆ ಇಬ್ಬರು ಮಕ್ಕಳು ಬಾಯಿ ಹಾಕಿದಂತೆ. ಪೋರ್ಟಿನ ಬಾಯಲ್ಲಿ ಇಂಜೆಕ್ಟರ್ ಇಟ್ಟರೆ ಒಬ್ಬನಿಗೆ ಹೊಟ್ಟೆ ತುಂಬ, ಇನ್ನೊಬ್ಬನಿಗೆ ಬರೀ ಗಾಳಿ. ಇಂಥದ್ದೇ ಪೋರ್ಟುಗಳಿದ್ದ ಹಳೆ ಮಿನಿಗೆ 1996ರಲ್ಲಿ ರೋವರ್ ಕಂಪನಿ ಎರಡು ಇಂಜೆಕ್ಟರ್ ಇಟ್ಟು, ಗಳಿಗೆ ನೋಡಿ ಚಿಮ್ಮಿಸುವ ಏರ್ಪಾಟು ಮಾಡಿತು. ನನ್ನದು ಸೋಮಾರಿಯ ದಾರಿ. ಇಂಜೆಕ್ಟರುಗಳನ್ನು ಬ್ಲೋವರಿಗಿಂತ ಮೊದಲೇ ಇಟ್ಟೆ. ಪೆಟ್ರೋಲು ರೋಟರುಗಳ ನಡುವೆ ಕಡೆದು, ಆವಿಯಾಗಿ, ಹೋಗುವಾಗ ಗಾಳಿಯನ್ನೂ ಒಂದಿಷ್ಟು ತಣಿಸಿ, ಸಮವಾಗಿ ಬೆರೆತು ಮುಂದೆ ಹೋಗುತ್ತದೆ. ಜಗಳವಾಡುವವರಿಗೆ ಸಿಗುವುದು ಬೆರೆತ ಪಾಲೇ.

ಹಿಂಬದಿಯಲ್ಲಿ ಟಿಕ್ ಟಿಕ್ ಎನ್ನುತ್ತ ಪೆಟ್ರೋಲು ತಳ್ಳುತ್ತಿದ್ದ ಹಳೆ ಪಂಪು ಹೋಯಿತು. ಅದು ಕೊಡುತ್ತಿದ್ದದ್ದು ಸುಮಾರು 3 ಪಿಎಸ್‌ಐ, ಹೊಸದಕ್ಕೆ 40 ಮೀರಬೇಕು. ಬೋಲಿಂಗ್ ಮತ್ತು ಗ್ರಿಪ್ಪೋ ಎಂಬಿಬ್ಬರು ಹವ್ಯಾಸಿಗಳಿಗೆಂದೇ ರೂಪಿಸಿದ ಮೆಗಾಸ್ಕ್ವರ್ಟ್ ಎಂಬ ಕಂಪ್ಯೂಟರನ್ನು ಮನೆಯಲ್ಲೇ ಬೆಸುಗೆ ಹಾಕಿಕೊಂಡೆ. ಈಗ ಸೂಜಿಯ ಜಾಗದಲ್ಲಿ 16 ಅಡ್ಡಸಾಲು, 16 ಉದ್ದಸಾಲಿನ ಕೋಷ್ಟಕ. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಮ್ಯಾನಿಫೋಲ್ಡಿನ ಒತ್ತಡ. ನೆಮ್ಮದಿಯ ಓಟದಲ್ಲಿ ಗಾಳಿ-ಪೆಟ್ರೋಲಿನ ಪ್ರಮಾಣ 14.7ರ ಸುತ್ತಮುತ್ತ, ಬ್ಲೋವರ್ ತುಂಬುವಾಗ 12ಕ್ಕಿಂತ ಕೊಂಚ ಕೆಳಗೆ. ಹೆಂಡತಿ ಕಾರು ಓಡಿಸುತ್ತಾಳೆ, ಪಕ್ಕದಲ್ಲಿ ಕೂತ ನಾನು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಮನೆ ತಿದ್ದುತ್ತೇನೆ. ಎರಡು ಸಾವಿರ ಆರ್‌ಪಿಎಂನಲ್ಲಿ ಮೂರನೇ ಗೇರಿನಲ್ಲೇ ಗುಡ್ಡ ಹತ್ತುವ ಪಿಕಪ್ ಬಂದಾಗ ಅವಳು ಒಂದು ಹುಬ್ಬು ಏರಿಸಿದಳು. ಅವಳ ಮಟ್ಟಿಗೆ ಅದು ಪ್ರಶಸ್ತಿ. ಇಂಜೆಕ್ಷನ್ ಮೇಲು, ಅದರಲ್ಲಿ ಎರಡು ಮಾತಿಲ್ಲ. ಕೈಗೆ ಹೆಚ್ಚು ಖುಷಿ ಕೊಟ್ಟದ್ದು ಮಾತ್ರ ಸೂಜಿಯೇ.

ಚಿಕ್ಕಪ್ಪನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಅವರು ಕೇಳಿದ್ದು, "ಟ್ಯಾಪೆಟ್ ಎಷ್ಟಕ್ಕಿಟ್ಟಿದೀಯ?"

"ಹದಿನೈದು ಥೌ, ಚಿಕ್ಕಪ್ಪ."

"ನಮ್ದೂ ಅಷ್ಟೇ ಇತ್ತು." ಮುಖ್ಯ ವಿಷಯ ಇತ್ಯರ್ಥವಾಯಿತೆಂಬ ಧ್ವನಿ. ಆಮೇಲೆ, "ಬ್ರೇಕ್ ಏನ್ ಮಾಡ್ದೆ?"

"ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಕಂಪನೀದೇ ಇದೆ, ನೋಡ್ಬೇಕು."

"ಅಲ್ಲಾ ಮಾರಾಯ, ಹೋಗೋಕೆ ಇಷ್ಟೆಲ್ಲ ಓದಿದೀಯ, ನಿಲ್ಲೋಕೆ ಯಾವಾಗ ಓದ್ತೀಯ?"